ಬಿಸಿಲು ಹಿಡಿಯುವ ಗಾಜಿನ ಮಲ್ಲಣ್ಣ

ನನ್ನ ಮೈದುನ ಮಲ್ಲಣ್ಣ ಯಾವ ಡಬ್ಬಿಯ ಮುಚ್ಚಳ ತೆಗೆಯುವಾಗಲೂ ಪಕ್ಕಕ್ಕೆ ಸರಿದು, ಮುಖ ಆಚೆ ತಿರುಗಿಸಿ, ಕೈ ಚಾಚಿ ತೆಗೆಯುತ್ತಿದ್ದ. ಉಪ್ಪಿನಕಾಯಿ ಜಾಡಿಯಾದರೂ ಅಷ್ಟೇ. “ಜಾಡ್ಯಾಗ ಹಾವು ಕುಂತದೇನೋ?” ಎಂದು ಅತ್ತೆ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಕಾರಣ ನನಗೊಬ್ಬಳಿಗೇ ಹೇಳಿದ್ದ.

ಎಂಬತ್ತರ ದಶಕದ ಮಾತು. ನಾವು ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಮಲ್ಲಣ್ಣ ದೂರದ ಶಹರದ ಲ್ಯಾಬೊಂದರಲ್ಲಿ ಗಾಜಿನ ಮೇಲೆ ಸಿಲಿಕಾನಿನ ತೆಳುಪೊರೆ ಕೂರಿಸಿ, ಬಿಸಿಲಿನಿಂದ ಕರೆಂಟು ಹುಟ್ಟಿಸುವ ಕೆಲಸದಲ್ಲಿದ್ದ. ಆ ಪೊರೆಗೆ ಬೇಕಾದದ್ದು ಸೈಲೇನ್ ಎಂಬ ಗ್ಯಾಸು. “ಅದಕ್ಕ ಕಡ್ಡಿ ಗೀರೂದು ಬ್ಯಾಡ ವೈನಿ. ಗಾಳಿ ತಾಕಿದ್ರ ಸಾಕು, ಭಗ್ ಅಂತದ” ಎಂದಿದ್ದ.

ಒಮ್ಮೆ ತಾನು ಮಾಡಿದ ಗಾಜಿನ ತುಂಡು ತಂದ. ಎಲೆಅಡಿಕೆಗೆ ಹಾಕುವ ಕಾಚಿನ ಬಣ್ಣದ ಪೊರೆ. ಅದರೊಳಗಿಂದ ನೋಡಿದರೆ ಅಂಗಳವೆಲ್ಲ ಕೆಂಪು. ದಿನವಿಡೀ ಸಿಮೆಂಟಿನ ಧೂಳು ಒರೆಸುವ ಅತ್ತೆ, ಇದೂ ಹೊಲಸೆಂದು ತಿಳಿದು, ಬೂದಿ ಹಚ್ಚಿ ತಿಕ್ಕಿ ಫಳಫಳ ಮಾಡಿಬಿಟ್ಟರು.

“ಯವ್ವಾ, ತಿಂಗಳಗಟ್ಲೆ ದುಡದದ್ದು ತೊಳದಿ ನೋಡು!” ಎಂದು ಹೊಟ್ಟೆ ಹಿಡಿದು ನಕ್ಕ. ಆಮೇಲೆ ನನಗೆ ಹೇಳಿದ: “ಹೋಗ್ಲಿ ಬಿಡ್ರಿ. ಆ ಪೊರಿ ಬಿಸಿಲಾಗ ಇಟ್ಟಷ್ಟೂ ಸೊರಗಿ ಕರೆಂಟು ಕಡಿಮಿ ಕೊಡತಿತ್ತು. ಈಗ ಹೈಡ್ರೋಜನ್ ಜಾಸ್ತಿ ಬಿಟ್ಟು ನೋಡಾಕತ್ತೀವಿ. ಒಳಗ ಕಣ್ಣಿಗಿ ಕಾಣದಷ್ಟು ಸಣ್ಣ ಹರಳು ಕಟ್ಟತಾವ. ಅವು ನಿಂತ್ರ ನಮ್ಮ ವಾಡಿ ಬಿಸಿಲಿಗೂ ಜಗ್ಗಂಗಿಲ್ಲ.”

ಹೈಡ್ರೋಜನ್ನೂ ಹೊತ್ತುವಂಥದ್ದೇ ಎಂದು ಅವನ ಬಾಯಿಂದಲೇ ಕೇಳಿದೆ.

ಕೊನೆಯ ಸಲ ಬಂದಾಗ ನಮ್ಮ ಮನೆಗೆ ಹೊಸದಾಗಿ ಗ್ಯಾಸ್ ಒಲೆ ಬಂದಿತ್ತು. ಸಿಲಿಂಡರ್ ಬದಲಿಸುವಾಗ ರೆಗ್ಯುಲೇಟರ್ ಸರಿಯಾಗಿ ಕೂರದೆ ಸುಂಯ್ ಎಂದಿತು. ಮಲ್ಲಣ್ಣ ಗೋಡೆಗೆ ಅಂಟಿ ನಿಂತುಬಿಟ್ಟ. ನಾನೇ ಹೋಗಿ ಒತ್ತಿ ಕೂರಿಸಿದೆ.

“ಇಷ್ಟು ಅಂಜಿಕಿ ಇಟ್ಕೊಂಡು ಯಾಕ ಹೋಗ್ತಿ? ಸೇಡಂದಾಗ ಯಾವುದರೆ ಕಾಲೇಜ್ ಸೇರಿ ಪಾಠ ಹೇಳ್ಕೊಂಡಿರು.”

“ಹರಳು ಈಗರೆ ಕಟ್ಟಾಕತ್ತಾವ ವೈನಿ. ಹ್ಯಾಂಗ ಬಿಟ್ಟು ಬರ್ಲಿ? ಅವ್ವಗ ಮಾತ್ರ ಏನೂ ಹೇಳಬ್ಯಾಡ್ರಿ.”

ಮರುದಿನ ರೈಲು ಹತ್ತಿದ.

ಆ ಮಳೆಗಾಲದ ಹೊಸ್ತಿಲಲ್ಲಿ ಕಾರ್ಖಾನೆಗೆ ಫೋನ್ ಬಂತು. ನನ್ನವರು ಓಡಿ ಬಂದು ಅಂಗಳದಲ್ಲೇ ನಿಂತು, ಲ್ಯಾಬಿಗೆ ಬೆಂಕಿ ಬಿದ್ದಿದೆ, ಮಲ್ಲಣ್ಣ ಉಳಿಯಲಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಒಳಗೆ ಅತ್ತೆ ಊಟಕ್ಕೆ ಕುಳಿತಿದ್ದರು.

“ಯಾರವ್ವ ಬಂದೋರು?”

“ಇವರೇ ಬಂದಾರ್ರಿ ಅತ್ತಿ” ಎಂದು ಒಳಗೆ ಹೋಗಿ ಅವರ ರೊಟ್ಟಿಯ ಮೇಲೆ ಇನ್ನೊಂದಿಷ್ಟು ಪುಂಡಿಪಲ್ಯ ಹಾಕಿದೆ. ಮತ್ತೆ ಅವರು ಯಾವಾಗ ಉಣ್ಣುವರೋ ಗೊತ್ತಿರಲಿಲ್ಲ. ಅವರು ಕೈ ತೊಳೆಯುವ ತನಕ ನಾವಿಬ್ಬರೂ ಬಾಯಿ ಬಿಡಲಿಲ್ಲ.