ಸೈಕಲ್ಲಿಗೆ ಬಸ್ಸಿನ ಕಣ್ಣು

ಬೆಳಗಿನ ಮೊದಲ ಬಸ್ಸಿನಲ್ಲಿ ಕೆಲಸ ಮಾಡುವವರಿಗೆ ಒಂದು ಕಷ್ಟವಿದೆ. ಬಸ್ಸು ಹತ್ತುವವರು ಅದನ್ನು ಯೋಚಿಸಿಯೂ ಇರುವುದಿಲ್ಲ. ಆ ಕೆಲಸದವರನ್ನು ಡಿಪೋಗೆ ಕರೆದುಕೊಂಡು ಹೋಗಲು ಬಸ್ಸು ಇರುವುದಿಲ್ಲ. ಕಂಡಕ್ಟರಮ್ಮ ಇದನ್ನು ಎಲ್ಲರಿಗೂ ಹೇಳಿಕೊಂಡು ತಾನೇ ಮೊದಲು ನಗುತ್ತಿದ್ದಳು. ಊರಿಗೆಲ್ಲ ಬಸ್ಸು ತರುವವಳು ತಾನು ಮಾತ್ರ ಗಂಡನ ಹಳೆಯ ಸೈಕಲ್ಲು ತುಳಿದುಕೊಂಡು, ಇನ್ನೂ ಬೆಳಕು ಹರಿಯದ ಕಾಲುವೆ ದಾರಿಯಲ್ಲಿ ಡಿಪೋ ಸೇರಬೇಕು.

ಹಾಗಂತ ಆ ಟ್ರಿಪ್ಪು ಬಿಟ್ಟುಕೊಡು ಎಂದರೆ ಜಗಳಕ್ಕೇ ಬರುತ್ತಿದ್ದಳು. ವರ್ಷಗಟ್ಟಲೆ ಕೇಳಿ ಕೇಳಿ ದಕ್ಕಿಸಿಕೊಂಡದ್ದು ಅದು. ಬಸ್ಸು ಡಿಪೋ ಬಿಟ್ಟು ದೊಡ್ಡ ರಸ್ತೆಯಲ್ಲಿ ಗಿರಣಿಯವರೆಗೆ ಖಾಲಿ ಹೋಗಿ, ಅಲ್ಲಿಂದ ಕಾಲುವೆ ದಾರಿ ಹಿಡಿದು ಜನರನ್ನು ಹತ್ತಿಸಿಕೊಂಡು ವಾಪಸು ಬರುತ್ತಿತ್ತು. ಆಸ್ಪತ್ರೆಯ ನರ್ಸಮ್ಮ, ಶಾಲೆಯಲ್ಲಿ ಕಸ ಗುಡಿಸುವ ಅಜ್ಜಿ, ರಾತ್ರಿಪಾಳಿ ಮುಗಿಸಿ ಬರುವ ಕಾವಲುಗಾರ, ಎಲ್ಲರೂ ಅವಳಿಗೆ ಮನೆಮಂದಿಯಿದ್ದಂತೆ. ಯಾರಿಗೆ ಮಂಡಿನೋವು, ಯಾರ ಸೊಸೆ ತವರಿಗೆ ಹೋಗಿದ್ದಾಳೆ, ಎಲ್ಲವೂ ಅವಳಿಗೆ ಗೊತ್ತು.

ಅವಳದೊಂದು ಹಟವಿತ್ತು. ಚಾಚಿದ ಕೈಯನ್ನು ದಾಟಿ ಬಸ್ಸು ಮುಂದೆ ಹೋಗಕೂಡದು. ಬಸ್ಸು ತುಂಬಿ ತುಳುಕುತ್ತಿದ್ದರೂ ನಿಲ್ಲಿಸಿ, ಇದ್ದದ್ದನ್ನು ಇದ್ದಹಾಗೆ ಹೇಳಬೇಕು. ಅವಳು ಹುಡುಗಿಯಾಗಿದ್ದಾಗ, ಪರೀಕ್ಷೆಯ ಬೆಳಿಗ್ಗೆ, ಒಬ್ಬ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, ಹಿಂದೆ ಖಾಲಿ ಬಸ್ಸು ಬರುತ್ತಿದೆ ಎಂದು ಕೂಗಿ ಹೋಗಿದ್ದ. ಅದನ್ನು ನಂಬಿ, ಕತ್ತು ನೀಳ ಮಾಡಿ ಕಾದು ಕಾದು, ಪರೀಕ್ಷೆ ಅರ್ಧ ಮುಗಿದ ಮೇಲೆ ಅವಳು ಒಳಗೆ ಕಾಲಿಟ್ಟಿದ್ದಳು. ಜಗತ್ತಿನ ಕಂಡಕ್ಟರುಗಳೆಲ್ಲ ಹೇಳುವ ಆ ಹಸಿ ಸುಳ್ಳನ್ನು ತಾನು ಸತ್ತರೂ ಬಾಯಿಂದ ಆಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ದಿನವೇ ನಿಶ್ಚಯ ಮಾಡಿದ್ದಳು. ಆಡಿಯೂ ಇರಲಿಲ್ಲ.

ಈಗ ಕಾಲುವೆ ದಾರಿಯ ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದ್ದವು. ಗುಂಡಿ ಯಾವುದು, ನೆರಳು ಯಾವುದು ತಿಳಿಯದೆ ಅವಳು ಸೈಕಲ್ಲನ್ನು ತಳ್ಳಿಕೊಂಡು ನಡೆಯಬೇಕಾಗಿ ಬಂದು, ಎರಡು ಸಲ ತಡವಾಯಿತು. ಕಂಡಕ್ಟರಿಲ್ಲದೆ ಬಸ್ಸು ಹೊರಡುವಂತಿಲ್ಲ. ಡಿಪೋ ಮ್ಯಾನೇಜರು ಕೂಗಾಡಲಿಲ್ಲ, ಅದೇ ಹೆದರಿಕೆಯ ವಿಷಯ. ಇನ್ನೊಂದು ಸಲ ತಡವಾದರೆ ಮೊದಲ ಟ್ರಿಪ್ಪು ಬೇರೆಯವರಿಗೆ, ನಿಮಗೆ ಕಳೆದುಹೋದ ಸಾಮಾನಿನ ಕೋಣೆ ಎಂದು ಮೆಲ್ಲಗೆ ಹೇಳಿದರು. ಅಲ್ಲಿ ಒಂಟಿ ಚಪ್ಪಲಿ, ಮುರಿದ ಕೊಡೆ, ಬೂಸಲು ಹಿಡಿದ ಊಟದ ಡಬ್ಬಿಗಳನ್ನು ಕಾಯುತ್ತ ಕೂರುವುದು. ಮಾತಾಡಲು ಒಂದು ನರಪಿಳ್ಳೆಯಿಲ್ಲ.

ಮೊದಲು ಟಾರ್ಚನ್ನು ಹ್ಯಾಂಡಲ್ಲಿಗೆ ದಾರದಿಂದ ಕಟ್ಟಿ ನೋಡಿದಳು. ಅದು ಪ್ರತಿ ಗುಂಡಿಗೂ ಮುಖ ಎತ್ತಿ ಆಕಾಶ ನೋಡುತ್ತಿತ್ತು. ಆಮೇಲೆ ಡಿಪೋದ ಮೆಕ್ಯಾನಿಕ್ಕನ ಗುಜರಿ ರಾಶಿಯಲ್ಲಿ, ಹಳೆಯ ಬಸ್ಸಿನಿಂದ ಬಿಚ್ಚಿ ಎಸೆದಿದ್ದ ಹೆಡ್‌ಲೈಟೊಂದು ಕಣ್ಣಿಗೆ ಬಿತ್ತು. ಊಟದ ತಟ್ಟೆಯಷ್ಟು ಅಗಲ, ಗಾಜು ಒಡೆದಿರಲಿಲ್ಲ, ಒಳಗಿನ ಹೊಳಪೂ ಮಾಸಿರಲಿಲ್ಲ. ಅವಳು ಅದನ್ನು ಎದೆಗವಚಿಕೊಂಡಳು.

"ಅಕ್ಕಾ, ಇದನ್ನ ಸೈಕಲ್ಲಿಗೆ ಕಟ್ಟಿದ್ರೆ, ಸೈಕಲ್ಲೇ ಇದಕ್ಕೆ ನೇತಾಡುತ್ತೆ," ಎಂದ ಮೆಕ್ಯಾನಿಕ್ಕು. ಆದರೂ ಸ್ಕೂಟರಿನದೊಂದು ಹಳೆಯ ಬ್ಯಾಟರಿಯನ್ನೂ, ಎರಡು ಮೊಳ ವೈರನ್ನೂ ಕೊಟ್ಟು ಕಳಿಸಿದ.

ಅವಳ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಮಾತು ಕಮ್ಮಿ, ಅಳತೆ ಜಾಸ್ತಿ. ಹೆಂಡತಿ ಮೇಜಿನ ಮೇಲೆ ಬ್ಯಾಟರಿ ಇಳಿಸಿದ ಕೂಡಲೇ ಕೊರಳಿನ ಟೇಪು ತೆಗೆದು ಅದರ ಸುತ್ತಳತೆ ಹಿಡಿದು, ಇವರಿಗೆ ಸೊಂಟ ಸ್ವಲ್ಪ ಜಾಸ್ತಿ ಎಂದ. ಅವಳ ಸವೆದ ಹಳೆಯ ಟಿಕೆಟ್ ಚೀಲವನ್ನು ಬಿಚ್ಚಿ, ಒಳಗೆ ದಪ್ಪ ಬಟ್ಟೆಯ ಅಸ್ತರಿ ಕೊಟ್ಟು, ಬ್ಯಾಟರಿಗೆ ಅಳತೆಯ ಅಂಗಿ ಹೊಲಿದ. ಅದು ಸೈಕಲ್ಲಿನ ಅಡ್ಡಪಟ್ಟಿಗೆ ಅಚ್ಚುಕಟ್ಟಾಗಿ ಜೋತುಬಿತ್ತು. ಲೈಟನ್ನು ಮುಂದಿನ ಬುಟ್ಟಿಯಲ್ಲಿ ಕೂರಿಸಿ, ಅಲುಗದಂತೆ ಕಬ್ಬಿಣದ ಪಟ್ಟಿ ಬಿಗಿದು ಬೋಲ್ಟು ಹಾಕಿದ್ದು ಅವಳೇ.

ವೈರು ಮುಟ್ಟಿಸಿದರೆ ಲೈಟು ಒಲೆಯ ಕೆಂಡದ ಹಾಗೆ ಮಿಣಿಮಿಣಿ ಎಂದಿತು. ಬಸ್ಸಿನ ಬಲ್ಬಿಗೆ ಸ್ಕೂಟರಿನ ಬ್ಯಾಟರಿ ಎಲ್ಲಿ ಸಾಲುತ್ತದೆ ಎಂದು ಮಾರನೆಯ ದಿನ ಮೆಕ್ಯಾನಿಕ್ಕು ಹೊಟ್ಟೆ ಹಿಡಿದು ನಕ್ಕು, ಬೈಕಿಗೆ ಹಾಕುವ ಎಲ್‌ಇಡಿ ಬಲ್ಬು ಹಾಕಿಕೊಟ್ಟ. ನಡುವೆ ಒಂದು ಫ್ಯೂಸನ್ನೂ ಸೇರಿಸಿ, ಇಲ್ಲದಿದ್ದರೆ ಭಾವನವರು ಹೊಲಿದ ಅಂಗಿ ಸುಟ್ಟುಹೋಗುತ್ತದೆ ಎಂದು ಎಚ್ಚರಿಸಿದ. ಸ್ವಿಚ್ಚಿಗೆ ಅವಳು ಅಭಿಮಾನದಿಂದ ಬಸ್ಸಿನ ಬೆಲ್ಲಿನ ಗುಂಡಿಯನ್ನೇ ಹಾಕಿದ್ದಳು. ಅದು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಉರಿಯುತ್ತಿತ್ತು, ಬೆರಳು ತೆಗೆದರೆ ಕತ್ತಲೆ. ಗಂಡ ತನ್ನ ಹೊಲಿಗೆ ಯಂತ್ರದ ದೀಪದ ಸ್ವಿಚ್ಚನ್ನು ಬಿಚ್ಚಿ ಅವಳ ಕೈಗಿಟ್ಟ. ಆ ದಿನ ಅವಳಿಗೆ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಎರಡು ಸಲ ಕಾಫಿ ಮಾಡಿಕೊಟ್ಟಳು.

ಸಂಜೆ ಸೈಕಲ್ಲನ್ನು ಕೋಣೆಯೊಳಗೆ ತಂದು, ಬಾಗಿಲು ಹಾಕಿ, ಸ್ವಿಚ್ಚು ಒತ್ತಿದರು. ಕೋಣೆ ಹಗಲಾಯಿತು. ತೂಗುಹಾಕಿದ್ದ ಅಂಗಿಗಳೆಲ್ಲ ಗೋಡೆಯ ಮೇಲೆ ರಾಕ್ಷಸರಾಗಿ ಎದ್ದು ನಿಂತವು. ಗಂಡ ಕತ್ತರಿ ಹಿಡಿದು ಅವುಗಳ ಮಧ್ಯೆ ಕುಣಿದ. ಅವನು ಕುಣಿದದ್ದನ್ನು ಮದುವೆಯಾದಾಗಿನಿಂದ ಅವಳು ನೋಡಿರಲಿಲ್ಲ. ಆಮೇಲೆ ಉಸಿರು ಸುಧಾರಿಸಿಕೊಂಡು, ಎದುರಿಗೆ ಬರುವವರ ಕಣ್ಣು ಕುಕ್ಕಬಾರದೆಂದು ಗೋಡೆಯ ಮೇಲೆ ಬಟ್ಟೆ ಗುರುತಿಸುವ ಸೀಮೆಸುಣ್ಣದಿಂದ ಗೆರೆ ಎಳೆದು, ಬೆಳಕು ಗೆರೆಯಿಂದ ಮೇಲೇರದಂತೆ ಲೈಟಿನ ತಲೆ ಬಗ್ಗಿಸಿದ.

ಮಾರನೆಯ ಬೆಳಿಗ್ಗೆ ಅವಳು ಹೊರಟದ್ದಲ್ಲ, ಹಾರಿದ್ದು. ಪ್ರತಿ ಗುಂಡಿಯೂ ಮೊದಲೇ ಕಾಣುತ್ತಿತ್ತು. ಗುಂಡಿಗಳಿಗೆಲ್ಲ ಬೈಯುತ್ತ, ತಪ್ಪಿಸಿಕೊಂಡೆ ನೋಡು ಎಂದು ಅಣಕಿಸುತ್ತ ಸೇತುವೆಯ ತಿರುವು ದಾಟಿದಳು. ಡಿಪೋಗೆ ಹೋಗಿ ನಿಧಾನವಾಗಿ ಒಂದು ಲೋಟ ಕಾಫಿ ಕುಡಿಯುವಷ್ಟು ಸಮಯ ಉಳಿಯುತ್ತದೆ ಎಂದುಕೊಂಡಳು.

ಆದರೆ ಕಾಲುವೆ ದಾರಿಯವರಿಗೆ ಗಡಿಯಾರ ನೋಡುವ ಅಭ್ಯಾಸವಿರಲಿಲ್ಲ. ಸೇತುವೆಯ ತಿರುವಿನಲ್ಲಿ ಬಸ್ಸಿನ ಬೆಳಕು ಕಿಟಕಿಯಿಂದ ಕಂಡರೆ ಚಪ್ಪಲಿ ಮೆಟ್ಟಿ ಓಡುವುದು ಅವರ ಕ್ರಮ. ಬಸ್ಸಿಗೆ ಎರಡು ದೀಪ ಇರಬೇಕಲ್ಲ ಎಂದು ಕೇಳಬಹುದು. ಆ ಡಿಪೋದ ಬಸ್ಸುಗಳನ್ನು ನೋಡಿದವರು ಕೇಳುವುದಿಲ್ಲ.

ಮೊದಲ ಸ್ಟಾಪಿನಲ್ಲಿ ಕಾವಲುಗಾರ ಕೈ ಚಾಚಿ ನಿಂತಿದ್ದ. ಅವಳ ಬೆರಳು ತಾನಾಗಿಯೇ ಬ್ರೇಕು ಹಿಡಿಯಿತು, ಬಾಯಿ ತಾನಾಗಿಯೇ ಒಳಗೆ ಹೋಗಿ, ಒಳಗೆ ಹೋಗಿ ಎಂದಿತು. ಅವನು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, ಎಲ್ಲಿಗೆ ಹೋಗಲಿ ಎಂದು ಕೇಳಿದ. ಇಬ್ಬರೂ ನಕ್ಕು ನಕ್ಕು ಸುಸ್ತಾದರು. ಎರಡನೆಯ ಸ್ಟಾಪಿನಲ್ಲಿ ನರ್ಸಮ್ಮ ತಲೆಯನ್ನು ಅರ್ಧ ಬಾಚಿಕೊಂಡೇ ಓಡಿಬಂದಿದ್ದಳು. ಅವಳಿಗೆ ಎಲ್ಲ ವಿವರಿಸಿ, ಫ್ಯೂಸು ತೋರಿಸಿ, ಸಮಾಧಾನ ಮಾಡಬೇಕಾಯಿತು. ಮೂರನೆಯದರಲ್ಲಿ ಚಿಲ್ಲರೆ ಹಿಡಿದುಕೊಂಡ ನಾಲ್ಕು ಕೈಗಳು. ಒಂದನ್ನೂ ದಾಟಿ ಹೋಗಲು ಅವಳಿಗೆ ಮನಸ್ಸು ಬಾರದು. ಸಮಯ ಉಳಿಸಲೆಂದು ಕಟ್ಟಿದ ಲೈಟು ಸಮಯವನ್ನೆಲ್ಲ ನುಂಗಿ ನೀರು ಕುಡಿದಿತ್ತು.

ಕೊನೆಯ ಸ್ಟಾಪು ಕಂಡಿತು. ಶಾಲೆಯ ಅಜ್ಜಿಯೂ ಸೇರಿ ಒಂದು ಗುಂಪೇ ರಸ್ತೆಗಿಳಿದು ಕೈ ಚಾಚಿತ್ತು. ನಿಂತರೆ ತಡ, ತಡವಾದರೆ ಒಂಟಿ ಚಪ್ಪಲಿಗಳ ಕೋಣೆ, ಈ ಮುಖಗಳು ಇನ್ನು ಕಾಣುವುದಿಲ್ಲ. ನಿಲ್ಲದೆ ಹೋದರೆ ಇಷ್ಟು ವರ್ಷದ ಹಟ ನೀರುಪಾಲು. ಪೆಡಲ್ ಮೇಲೆ ಎದ್ದು ನಿಂತಳು. ಯಾವ ಮಾತನ್ನು ಆಡುವುದಿಲ್ಲ ಎಂದುಕೊಂಡಿದ್ದಳೋ ಅದೇ ಮಾತು ಹೊಟ್ಟೆಯಾಳದಿಂದ ಎದ್ದು ಬಂತು. ಈ ಸಲ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಹಿಂದೆ ಬಸ್ ಬರುತ್ತೆ! ಪೂರ್ತಿ ಖಾಲಿ ಇದೆ! ಕಂಡಕ್ಟರ್ ಕೂಡ ಇನ್ನೂ ಹತ್ತಿಲ್ಲ!"

ಗುಂಪು ಎರಡಾಗಿ ದಾರಿ ಬಿಟ್ಟಿತು. ಹಿಂದಿನಿಂದ ನಗು ಅವಳನ್ನು ಅಟ್ಟಿಸಿಕೊಂಡು ಬಂತು.

ಡಿಪೋ ಗೇಟಿನಲ್ಲಿ ಮ್ಯಾನೇಜರು ಕೈಗಡಿಯಾರ ನೋಡುತ್ತ ನಿಂತಿದ್ದರು. ಡ್ರೈವರು ಎಂಜಿನ್ನು ಚಾಲೂ ಮಾಡಿ, ಕಾಣದವನಂತೆ ಕನ್ನಡಿ ಒರೆಸುತ್ತಿದ್ದ. ಅವಳು ಸೈಕಲ್ಲನ್ನು ಗೋಡೆಗೊರಗಿಸಿ ಮೆಟ್ಟಿಲು ಹಾರಿ ಹತ್ತಿದಳು. ಮ್ಯಾನೇಜರು ಗಡಿಯಾರದಿಂದ ತಲೆ ಎತ್ತಿ, ಸಮಯಕ್ಕೆ ಸರಿಯಾಗಿದೆ ಎಂದು, ಇನ್ನೂ ಉರಿಯುತ್ತಿದ್ದ ಆ ಲೈಟನ್ನು ನೋಡಿ, ತಾವೇ ಹೋಗಿ ಆರಿಸಿ, ಗೇಟು ತೆಗೆಸಿದರು.

ಬಸ್ಸು ಗಿರಣಿ ಸುತ್ತಿಕೊಂಡು ಕಾಲುವೆ ದಾರಿಗೆ ಇಳಿದಾಗ ಇನ್ನೊಂದು ಫಜೀತಿ ಕಾದಿತ್ತು. ನಿಜವಾದ ಬಸ್ಸಿಗೆ ಯಾರೂ ಕೈ ಚಾಚಲೇ ಇಲ್ಲ. ಎಲ್ಲರೂ ಕೈಕಟ್ಟಿಕೊಂಡು, ಮತ್ತೆ ಮೋಸ ಹೋಗುವವರಲ್ಲ ಎಂಬಂತೆ ನಿಂತಿದ್ದರು. ಪ್ರತಿ ಸ್ಟಾಪಿನಲ್ಲೂ ಅವಳು ಬಾಗಿಲಿಂದ ಬಗ್ಗಿ, ಬನ್ನಿ, ಇದು ಬಸ್ಸೇ ಎಂದು ಕರೆದು ಕರೆದು ಹತ್ತಿಸಿಕೊಳ್ಳಬೇಕಾಯಿತು.

ಕೊನೆಯ ಸ್ಟಾಪಿನಲ್ಲಿ ಎಲ್ಲರಿಗಿಂತ ಹಿಂದೆ ಅಜ್ಜಿ ಹತ್ತಿದಳು. ಕಂಬಿ ಹಿಡಿದು ನಿಂತು, ಇನ್ನೂ ಖಾಲಿಯಿದ್ದ ಸೀಟುಗಳನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಹಿಂದೆ ಖಾಲಿ ಬಸ್ ಬರುತ್ತೆ ಅಂತ ನನಗೆ ಎಷ್ಟೋ ಜನ ಹೇಳಿದಾರಮ್ಮ," ಎಂದಳು. "ನಿಜವಾಗ್ಲೂ ಬಂದಿದ್ದು ಇವತ್ತೇ."

ಕಂಡಕ್ಟರಮ್ಮನಿಗೆ ಆ ಪರೀಕ್ಷೆಯ ಬೆಳಿಗ್ಗೆ ನೆನಪಾಯಿತು. ಆವತ್ತು ಕತ್ತು ನೀಳ ಮಾಡಿ ಕಾದಿದ್ದ ಬಸ್ಸು ಕೊನೆಗೂ ಬಂದಿತ್ತು, ಅದರ ಬಾಗಿಲಲ್ಲಿ ಅವಳೇ ನಿಂತಿದ್ದಳು. ನಗು ಬಂತು, ನಗುವಿನ ಹಿಂದೆಯೇ ಕಣ್ಣೂ ತುಂಬಿತು. ಡ್ರೈವರು ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಅಪ್ಪಣೆಗೆ ಕಾಯುತ್ತಿದ್ದ. ಅವಳು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಜ್ಜಿ ಸೀಟಿನಲ್ಲಿ ಕೂತು, ಪೊರಕೆಯನ್ನು ಕಾಲ ಬಳಿ ಇಟ್ಟುಕೊಂಡು, "ರೈಟ್ ರೈಟ್," ಎಂದಳು.