ಕೂಗದೆ ಹೆರಬೇಕೆಂದಿದ್ದವಳು

ಕಾಲರ್ ಹುಡುಗಿಯನ್ನು ಕಾಜಾ ಅಜ್ಜಿ ಮೊದಲು ಕಂಡದ್ದು, ಹುಡುಗಿಯ ಬೆರಳಿನೊಳಗೆ ಮಿಷನ್ನಿನ ಸೂಜಿ ಮುರಿದ ದಿನ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ತೂರುವ ಕಾಜಾ ಹೊಲಿಯುವುದು ಅಜ್ಜಿಯ ಕೆಲಸ, ಅದಕ್ಕೇ ಆ ಹೆಸರು. ಹುಡುಗಿ ಕಾಲರ್ ಕೂರಿಸಲು ಹೊಸದಾಗಿ ಸೇರಿದ್ದಳು. ಏಳು ತಿಂಗಳ ಬಸುರಿ. ಸೂಜಿ ಉಗುರು ತೂರಿ ಆಚೆ ಬಂದಿದ್ದರೂ ಅವಳ ಬಾಯಿಂದ ಸದ್ದಿಲ್ಲ.

"ಅಮ್ಮಾ ಅಂತಾದ್ರೂ ಅನ್ನೇ ತಾಯಿ! ಬಾಯಿ ಬಿಟ್ರೆ ಮುತ್ತು ಉದುರುತ್ತಾ?"

"ಅಭ್ಯಾಸ ಮಾಡ್ಕೋತಿದೀನಿ ಅಜ್ಜಿ, ಹೆರಿಗೆಗೆ."

ಊಟದ ಹೊತ್ತಿನಲ್ಲಿ ವಿಷಯ ಹೊರಬಿತ್ತು. ಇವಳನ್ನು ಹೆರುವಾಗ ತಾಯಿ ಎರಡು ದಿನ ಕೂಗಿ ಕೂಗಿ ಸತ್ತಳಂತೆ. ಸಾಕಿದ ಚಿಕ್ಕಮ್ಮ ಹೇಳುತ್ತಿದ್ದಳಂತೆ: ಮೊದಲ ಹೆಂಗಸು ತಿನ್ನಬಾರದ ಹಣ್ಣು ತಿಂದಳು, ಅದಕ್ಕೇ ದೇವರು ಹೆರಿಗೆ ನೋವಿನ ಶಾಪ ಕೊಟ್ಟ, ಬೈಬಲ್ಲಿನಲ್ಲೇ ಇದೆ. ಯಾರ ಪಾಪ ಎಷ್ಟೋ ಅವರ ಕೂಗೂ ಅಷ್ಟು.

"ನಾನು ಕೂಗಿದ್ರೆ ಎಲ್ಲಾರಿಗೂ ಗೊತ್ತಾಗಿಬಿಡುತ್ತೆ, ಅಜ್ಜಿ."

"ನಾನು ನಾಲ್ಕು ಹೆತ್ತೆ. ಒಂದೊಂದಕ್ಕೂ ಬೀದಿಗೆ ಬೀದಿಯೇ ಎದ್ದು ಕೂತಿತ್ತು. ಹಾಗಾದ್ರೆ ನನ್ನಂಥ ಪಾಪಿ ಇನ್ಯಾರೂ ಇಲ್ಲ ಬಿಡು!"

ಹುಡುಗಿ ನಗಲಿಲ್ಲ. ಅಜ್ಜಿ ಕೈಯ ತುತ್ತು ಕೆಳಗಿಟ್ಟಳು. ಕೂಗದ ಬಸುರಿಯ ಬಳಿಗೆ ಯಾರು ಓಡಿ ಬರುತ್ತಾರೆ?

ಗಂಡ ಹೋದ ಮೇಲೆ ಅಕ್ಷರ ಕಲಿತವಳು ಅಜ್ಜಿ. ಪದದ ಕೆಳಗೆ ಅಂಗಿಯ ಗುಂಡಿಯೊಂದನ್ನಿಟ್ಟು, ಅದು ಮುಗಿದ ಮೇಲೆ ಗುಂಡಿಯನ್ನು ಮುಂದಕ್ಕೆ ಜರುಗಿಸಿ ಓದುವಳು. ಬೈಬಲ್ಲಿನ ಆ ಒಂದು ಅಧ್ಯಾಯಕ್ಕೆ ಒಂಬತ್ತು ದಿನ ಹಿಡಿಯಿತು. ಹಣ್ಣಿನ ಆಸೆ ಹುಟ್ಟಿಸಿದ ಹಾವಿಗೆ ಶಾಪವಿತ್ತು. ಮಣ್ಣಿಗೆ ಶಾಪವಿತ್ತು. ಹೆಂಗಸಿಗೆ ನೋವು ಎಂದಿತ್ತು, ಗಂಡಸಿಗೆ ಹೊಲದ ಮುಳ್ಳು, ದುಡಿಮೆಯ ಬೆವರು ಎಂದಿತ್ತು. ಅವರಿಬ್ಬರನ್ನು ಶಪಿಸಿದ ಮಾತು ಮಾತ್ರ ಎಲ್ಲೂ ಕಾಣಲಿಲ್ಲ. ಅಜ್ಜಿಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ತನ್ನದು ಕುಂಟು ಓದು. ಗುಂಡಿ ಒಂದು ಸಾಲು ಹಾರಿದ್ದರೆ? ದೇವರ ಮಾತನ್ನೇ ತಿರುಚಿದಂತಾದರೆ? ಇನ್ನೊಮ್ಮೆ ಮೊದಲಿನಿಂದ ಓದಿ ಆಮೇಲೆ ಹೇಳೋಣವೆಂದು ಬಾಯಿ ಕಟ್ಟಿಕೊಂಡಳು.

ಎರಡನೇ ಓದು ಅರ್ಧಕ್ಕೆ ಬಂದಿತ್ತು. ಒಂದು ಬೆಳಿಗ್ಗೆ ಕಾಜಾಕ್ಕೆ ಬಂದ ಅಂಗಿಗಳ ಕಾಲರ್ ಹೊಲಿಗೆ ಕುಡಿದವನ ನಡಿಗೆಯಂತೆ ಅತ್ತಿತ್ತ ಹೋಗಿತ್ತು. ಗೆರೆ ಎಳೆದಂತೆ ಹೊಲಿಯುವ ಕೈ ಅದು. ಅಜ್ಜಿ ತಲೆಯೆತ್ತಿ ನೋಡಿದಳು. ಹುಡುಗಿ ಬಟ್ಟೆಯ ತುಂಡೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಿಷನ್ ತುಳಿಯುತ್ತಲೇ ಇದ್ದಳು. ಸ್ಟೂಲಿನ ಕಾಲಿನ ಮೇಲೆ ರಕ್ತ ಇಳಿಯುತ್ತಿತ್ತು. ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ.

ಅಜ್ಜಿ ಅಂಗಿಗಳನ್ನು ಬಿಸಾಕಿ ಅವಳ ಬಳಿಗೆ ಓಡಿದಳು.

"ಕೇಳಿಲ್ಲಿ! ನಾನೇ ಓದಿದೀನಿ. ಶಾಪ ಹಾವಿಗೆ, ಶಾಪ ಮಣ್ಣಿಗೆ. ನಿಂಗಲ್ಲ! ಗಂಡಸಿನ ಹೊಲದಲ್ಲಿ ಮುಳ್ಳು ಬೆಳೆಯುತ್ತೆ ಅಂದಿದಾನೆ ದೇವರು. ಯಾವನಾದ್ರೂ ಮುಳ್ಳು ಕೀಳದೆ ಸುಮ್ನೆ ಕೂತಿದಾನಾ? ಕೂಗೇ! ಕೂಗಿದ್ರೆ ತಾನೆ ಜನ ಬರೋದು!"

ಬಟ್ಟೆಯ ತುಂಡು ಬಾಯಿಂದ ಬಿತ್ತು. ಆಮೇಲೆ ಬಂದ ಕೂಗಿಗೆ ಕಾರ್ಖಾನೆಯ ನಲವತ್ತು ಮಿಷನ್ನೂ ಒಟ್ಟಿಗೆ ನಿಂತವು.

ಇಸ್ತ್ರಿಯವನು ಬಟ್ಟೆ ಸಾಗಿಸುವ ಗಾಡಿ ತಂದ. ಹಿಂದಿನ ಬೀದಿಯ ಆಸ್ಪತ್ರೆಗೆ ಅದರಲ್ಲೇ ತಳ್ಳಿಕೊಂಡು ಹೋದರು. "ಇಷ್ಟು ಹೊತ್ತು ಏನ್ರೀ ಮಾಡ್ತಿದ್ರಿ?" ಎಂದು ಡಾಕ್ಟರಮ್ಮ ರೇಗಿದಳು. "ಆಪರೇಷನ್ ಆಗ್ಬೇಕು. ನೋವು ಗೊತ್ತಾಗದ ಹಾಗೆ ಇಂಜೆಕ್ಷನ್ ಕೊಡ್ತೀವಿ."

ಹುಡುಗಿ ಅಜ್ಜಿಯ ಮುಖ ನೋಡಿದಳು. "ತಗೊಳ್ಳಲಾ?"

"ತಗೋ ಮಗಾ. ಅದೂ ಮುಳ್ಳು ಕೀಳೋದೇ."

ಎರಡು ಜೀವವೂ ಉಳಿದವು. ಆದರೆ ಅಜ್ಜಿ ಅಂದೇ ಹೆದರಿಕೆಯ ಜ್ವರ ಹಿಡಿದು ಮಲಗಿದವಳು ಎದ್ದು ಆಸ್ಪತ್ರೆಗೆ ಹೋಗುವಷ್ಟರಲ್ಲಿ, ಹುಡುಗಿಯ ಗಂಡ ಬಂದು ತಾಯಿ ಮಗುವನ್ನು ತಾನು ದುಡಿಯುವ ದೂರದೂರಿಗೆ ಕರೆದುಕೊಂಡು ಹೋಗಿದ್ದ. ಇನ್ನೊಂದು ದಿನ ಬಾಯಿ ಕಟ್ಟಿಕೊಂಡಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಅಜ್ಜಿಯ ಓದುವ ಗುಂಡಿ ಈಗಲೂ ಸಾಲಿನ ನಡುವೆ ನಿಂತುಬಿಡುತ್ತದೆ. ಅಂದು ಆಪರೇಷನ್ ಕೋಣೆಯ ಬಾಗಿಲಲ್ಲಿ ಕೇಳಿದ್ದೇ ಅಜ್ಜಿಯ ಪಾಲಿಗೆ ಹುಡುಗಿಯ ಕೊನೆಯ ಮಾತಾಯಿತು. ಗಾಲಿ ಮಂಚ ಒಳಗೆ ಸರಿಯುತ್ತಿತ್ತು. ಅವಳು ಅಜ್ಜಿಯ ಸೆರಗು ಬಿಡದೆ ಕೇಳಿದಳು:

"ಅಜ್ಜಿ, ಹಾಗಾದ್ರೆ ನಮ್ಮಮ್ಮನಿಗೂ ಶಾಪ ಇರ್ಲಿಲ್ವಾ?"