ಅವ್ವನ ಗಾಯ, ಆಜಿಯ ಗಾಯ್

ದೆವ್ವ, ದೃಷ್ಟಿ, ಮೈಮೇಲೆ ಬರುವುದು ಇಂಥ ಮಾತು ಶುರುವಾದರೆ ಎದ್ದು ಚಹಾಕ್ಕಿಡಲು ಹೋಗುವವಳು ನಾನು. ನಂಬುವುದಿಲ್ಲ ಎಂದು ವಾದ ಮಾಡುವಷ್ಟು ಉಮೇದಿ ಕೂಡ ನನಗಿರಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗಿ ಸಂಜೆ ಬಸ್ಸಿನಲ್ಲಿ ನಿಂತು ಬರುವವಳಿಗೆ ಕಣ್ಣಿಗೆ ಕಾಣುವ ಲೋಕವೇ ಸಾಕುಸಾಕಾಗಿರುತ್ತದೆ, ಕಾಣದ್ದರ ಉಸಾಬರಿ ಯಾಕೆ ಬೇಕು? ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ. ನಿಮಗೆ ನಗು ಬಂದರೆ ನಗಿ. ಅರ್ಧದವರೆಗೆ ನಾನೂ ನಕ್ಕವಳೇ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಪುಣೆಯ ಹೊರಗಿನ ನಿಗಡಿಯ ಒಂದು ಕಂಪನಿಯ ಆಫೀಸಿನಲ್ಲಿ ಟೈಪಿಸ್ಟ್. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ವಿಜಾಪುರದ ಕಡೆಯಿಂದ ಅವ್ವನನ್ನು ಪುಣೆಗೆ ಕರೆದುಕೊಂಡು ಬಂದು, ಸದಾಶಿವ ಪೇಠದ ಒಂದು ಹಳೆಯ ವಾಡೆಯಲ್ಲಿ ಕೆಳಗಿನ ಎರಡು ಕೋಣೆ ಬಾಡಿಗೆ ಹಿಡಿದಿದ್ದೆ. ನಡುವೆ ಕಲ್ಲು ಹಾಸಿದ ಅಂಗಳ, ಅದರಾಚೆ ನಮ್ಮ ಬಾಗಿಲಿಗೆ ಎದುರಾಗಿ ಒಬ್ಬ ಮರಾಠಿ ಮುದುಕಿಯ ಮನೆ. ಮರಾಠಿಯಲ್ಲಿ ಅಜ್ಜಿಗೆ ಆಜಿ ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಮೇಲಿನ ಮಹಡಿ ಬಿರುಕು ಬಿಟ್ಟಿದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ರಸ್ತೆಯ ಕಡೆಯ ದೊಡ್ಡ ಬಾಗಿಲು ಗೋಡೆ ಕುಸಿದು ಬಿಗಿದುಕೊಂಡು ಎಷ್ಟೋ ವರ್ಷಗಳಾಗಿದ್ದವು. ಆ ಬಾಗಿಲಿನಲ್ಲೇ ಕೊರೆದ ಸಣ್ಣ ದಿಂಡಿ ಬಾಗಿಲಿನಿಂದ ತಲೆ ಬಗ್ಗಿಸಿ, ಕಾಲೆತ್ತಿ ದಾಟಿ ಒಳಗೆ ಬರಬೇಕಿತ್ತು. ಗ್ಯಾಸ್ ಸಿಲಿಂಡರ್ ತರುವವನು ಪ್ರತಿ ಸಲವೂ ಅಲ್ಲಿ ನಿಂತು ನಮ್ಮೆಲ್ಲರನ್ನೂ ಬಯ್ಯುತ್ತಿದ್ದ. ಈ ಬಾಗಿಲೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಒಂದು ದಿನ ಬಟ್ಟೆ ಒಣಹಾಕಲು ಮರದ ಮೆಟ್ಟಿಲು ಹತ್ತುವಾಗ ಅವ್ವನ ಎಡಗಾಲಿಗೆ ಮೊಳೆ ಚುಚ್ಚಿತು. ಅವಳಿಗೆ ಸಕ್ಕರೆ ಕಾಯಿಲೆ. ಪಾದಕ್ಕೆ ಜೋಮು ಹಿಡಿದಂತಾಗಿ ನೋವೇ ತಿಳಿಯುತ್ತಿರಲಿಲ್ಲ. ಅರಿಷಿಣ ಒತ್ತಿ ಹಳೇ ಸೀರೆಯ ಚೂರು ಕಟ್ಟಿಕೊಂಡು, ಮೇಲೆ ಸೆರಗು ಮುಚ್ಚಿಕೊಂಡು ಸುಮ್ಮನಿದ್ದುಬಿಟ್ಟಳು. ನನಗೆ ಗೊತ್ತಾಗಿದ್ದು ವಾಸನೆಯಿಂದ. ಬಿಚ್ಚಿ ನೋಡಿದರೆ ಹೆಬ್ಬೆರಳಿನ ಕೆಳಗೆ ಕೀವು ತುಂಬಿ ಬಾವು ಬಂದಿತ್ತು.

"ಮೊಳಿ ಚುಚ್ಚೇದ ಅಷ್ಟವ್ವಾ. ಅರಿಷಿಣ ಹಚ್ಚೇನಿ, ಮಾಯ್ತದ ಬಿಡು" ಎಂದಳು.

ಮಾಯಲಿಲ್ಲ. ಡಾಕ್ಟರರು ಕೀವು ತೆಗೆದು, ಇಂಜೆಕ್ಷನ್ ಕೊಟ್ಟು, ದಿನಾ ಎರಡು ಹೊತ್ತು ಸಲೈನ್ ನೀರಿನಿಂದ ತೊಳೆದು ಹೊಸ ಪಟ್ಟಿ ಕಟ್ಟಬೇಕು, ಆ ಕಾಲಿನ ಮೇಲೆ ಭಾರ ಹಾಕಲೇಬಾರದು ಎಂದರು. ಅರಿಷಿಣ ಹಾಕಿದ್ದಕ್ಕೆ ಬೈದರು, ಬೈಗುಳ ನಾನು ತಿಂದೆ. ಅಂದಿನಿಂದ ನನ್ನ ದಿನ ಪಟ್ಟಿಯಿಂದ ಪಟ್ಟಿಗೆ ಎಂಬಂತಾಯಿತು. ಬೆಳಿಗ್ಗೆ ಎದ್ದು ಕೈತೊಳೆದು ಅವ್ವನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು, ಅಂಟಿದ ಗಾಜ್ ಬಟ್ಟೆಯನ್ನು ನೆನೆಸಿ ನೆನೆಸಿ ಬಿಡಿಸುವುದು, ತೊಳೆಯುವುದು, ಕಟ್ಟುವುದು, ಸಕ್ಕರೆಗೆ ಇಂಜೆಕ್ಷನ್ ಚುಚ್ಚುವುದು. ಆಮೇಲೆ ರೊಟ್ಟಿ ಬಡಿದಿಟ್ಟು ನಿಗಡಿಯ ಬಸ್ಸಿಗೆ ಓಡುವುದು. ಸಂಜೆ ಬಂದು ಮತ್ತೆ ಅದೇ. ಗಾಯ ತೊಳೆಯುವ ನೀರಿನ ವಾಸನೆ ಆಫೀಸಿನಲ್ಲೂ ನನ್ನ ಬೆರಳಿನಿಂದ ಮೂಗಿಗೆ ಬಡಿಯುತ್ತಿತ್ತು. ಎಷ್ಟು ದಣಿದಿದ್ದೆನೆಂದರೆ, ಒಂದೊಂದು ದಿನ ಅವ್ವನ ಜೊತೆ ಒಂದು ಮಾತೂ ಆಡದೆ ಪಟ್ಟಿ ಕಟ್ಟಿ ಮುಗಿಸಿರುತ್ತಿದ್ದೆ.

ಮಧ್ಯಾಹ್ನ ಅವ್ವನ ಕಡೆ ಲಕ್ಷ್ಯವಿಡಲು ಆಜಿ ಇದ್ದರು. ಅವ್ವನಿಗೆ ಮರಾಠಿ ಬಾರದು, ಆಜಿಗೆ ಕನ್ನಡ ಬಾರದು. ಆದರೂ ಇಬ್ಬರೂ ಅಂಗಳದ ಆಚೆ ಈಚೆ ಕೂತು ಊಟದ ಹೊತ್ತಿನವರೆಗೆ ಹರಟುತ್ತಿದ್ದರು. ತ್ರಾಸ, ದವಾಖಾನಿ, ರೊಟ್ಟಿಗೆ ಅವರೆನ್ನುವ ಭಾಕರಿ ಹೀಗೆ ಎರಡೂ ಕಡೆ ಸಲ್ಲುವ ಮಾತು ಸಿಕ್ಕಿದರೆ ಸಾಕು, ಸಂಸಾರ ಸಾಗುತ್ತಿತ್ತು. ಅವ್ವ ಹೇಳುತ್ತಿದ್ದಳು, "ಗಾಯ ಭಾಳ ತ್ರಾಸ ಕೊಡಾಕತ್ತದ್ರಿ. ದವಾಖಾನಿಗೆ ಹೋಗಿದ್ವಿ." ಮರಾಠಿಯಲ್ಲಿ ಗಾಯ್ ಎಂದರೆ ಹಸು. ಆಜಿ ಏನು ತಿಳಿದುಕೊಂಡರು ಎಂದು ನಾನು ಹೇಳಬೇಕಾಗಿಲ್ಲ.

ಆ ಸಂಜೆ ದಿಂಡಿ ದಾಟುತ್ತಲೇ ಆಜಿ ನನ್ನನ್ನು ನಿಲ್ಲಿಸಿ, ನಿಮ್ಮ ಗಾಯ್ ಕಾಯಿಲೆ ಬಿದ್ದಿದೆಯಂತೆ, ದವಾಖಾನೆಗೆ ಒಯ್ದಿದ್ದಿರಂತೆ ಎಂದು ಮರುಗಿದರು. ಒಳಗೇ ನಗು ಬಂತು. ಆದರೆ ಎರಡು ಬಸ್ಸು ಬದಲಿಸಿ ಬಂದವಳಿಗೆ ಅಂಗಳದಲ್ಲಿ ನಿಂತು ಭಾಷೆಯ ಪಾಠ ಮಾಡುವ ತ್ರಾಣ ಇರಲಿಲ್ಲ. "ಹೋ ಆಜಿ" ಎಂದು ತಲೆಯಾಡಿಸಿ ಒಳಗೆ ಹೋದೆ. ಅವ್ವನಿಗೆ ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತ್ತು.

ಅದಾದ ಮೇಲೆ ಆಜಿ ದಿನಾ ಸಂಜೆ ನನಗೆ ವರದಿ ಒಪ್ಪಿಸುತ್ತಿದ್ದರು. "ಗಾಯ್ ಆಜ್ ಜರಾ ಬರೀ ಆಹೆ." ಇವತ್ತು ಸ್ವಲ್ಪ ವಾಸಿ. ಇನ್ನೊಂದು ದಿನ, ಇವತ್ತು ಕಾಲು ಊರಲೇ ಇಲ್ಲ. ಮತ್ತೊಂದು ದಿನ, ಇವತ್ತು ಭಾಕರಿ ತಿಂದಳು. ಪರವಾಗಿಲ್ಲ, ಆಜಿ ತಾವಾಗಿಯೇ ತಪ್ಪು ತಿದ್ದಿಕೊಂಡು ನಮ್ಮ ಕನ್ನಡ ಶಬ್ದವನ್ನು ಕಲಿತಿದ್ದಾರೆ, ಅವ್ವನ ಗಾಯದ ಸುದ್ದಿಯನ್ನೇ ಹೇಳುತ್ತಿದ್ದಾರೆ ಎಂದುಕೊಂಡೆ. ಬೇರೆ ಏನು ತಾನೇ ತಿಳಿಯಲಿ?

ಇಷ್ಟರ ನಡುವೆ ನನಗೂ ಅವ್ವನಿಗೂ ಒಂದು ಜಗಳ ಹತ್ತಿತ್ತು. ಸಂಜೆ ಬಂದು ನೋಡಿದರೆ ದಿನಾ ಪಟ್ಟಿ ಒದ್ದೆ. ಕೀವಿನ ಒದ್ದೆಯಲ್ಲ, ಹೊರಗಿನಿಂದ ನೆನೆದ ಒದ್ದೆ.

"ಬಚ್ಚಲಕ್ಕ ಹೋಗೂವಾಗ ಕಾಲಿಗೆ ಚೀಲಾ ಕಟ್ಟಿಕೋ ಅಂತ ಎಷ್ಟ ಸಲ ಹೇಳ್ಬೇಕು ನಿನಗ?"

"ನಾ ಎಲ್ಲಿ ನೀರ ಹಚ್ಚೇನಿ? ಉಂಡು ಮಲಗಿದಾಕಿ ಈಗ ಎದ್ದೇನಿ."

"ಹಂಗಾರ ಇದೇನು, ಆಕಾಶದಿಂದ ಬಿತ್ತೇನು?"

ಅವ್ವ ಸುಮ್ಮನಾಗುತ್ತಿದ್ದಳು. ನಾನು ಗೊಣಗುತ್ತ ಬಿಚ್ಚಿ ತೊಳೆದು ಕಟ್ಟುತ್ತಿದ್ದೆ.

ಕಾಲು ಸುಧಾರಿಸುವ ಬದಲು ಹೆಬ್ಬೆರಳ ಸುತ್ತ ಕಪ್ಪಾಗತೊಡಗಿತು. ಡಾಕ್ಟರರು ಸರ್ಜನ್ ಹತ್ತಿರ ಕಳಿಸಿದರು. ಆತ ಮಾತು ಕಡಿಮೆಯ ಮನುಷ್ಯ. ಮುಂದಿನ ವಾರ ಬನ್ನಿ, ಕಪ್ಪು ಇಷ್ಟಕ್ಕೇ ನಿಲ್ಲದಿದ್ದರೆ ಪಾದದ ಮುಂಭಾಗ ತೆಗೆಯಬೇಕಾಗುತ್ತದೆ, ತಡ ಮಾಡಿದರೆ ಇಡೀ ಕಾಲಿಗೇ ಬರುತ್ತದೆ ಎಂದರು. ರಿಕ್ಷಾದಲ್ಲಿ ವಾಪಸು ಬರುವಾಗ ನಾನು ಹೊರಗೆ ನೋಡುತ್ತ ಕೂತಿದ್ದೆ. ಅಳು ಬಂದಿತ್ತು, ಅಳುವುದಕ್ಕೂ ಬೇಸರವಾಗಿತ್ತು. ಅವ್ವ ನನ್ನ ಕೈ ಹಿಡಿದು ಹೇಳಿದಳು, "ಕಾಲ ಹೋದ್ರ ಹೋಗ್ಲಿ ಬಿಡವ್ವಾ. ಆದ್ರ ನಿನ್ನ ಮ್ಯಾಲ ಭಾರ ಆಗಿ ಬೀಳ್ತೇನಲ್ಲ, ಅದೊಂದ ನನಗ ಸಂಕಟ." ನಾನು ಮನೆ ಬರುವವರೆಗೂ ಅವಳ ಕೈ ಬಿಡಲಿಲ್ಲ.

ಆ ವಾರ ರಜೆ ಕೇಳಿದೆ, ಸಿಗಲಿಲ್ಲ. ಎಂದಿನಂತೆ ಕಟ್ಟಿದೆ, ಓಡಿದೆ, ಬಂದೆ, ಒದ್ದೆ ಪಟ್ಟಿ ಬಿಚ್ಚಿದೆ. ಆಜಿ ಮಾತ್ರ ದಿನದಿಂದ ದಿನಕ್ಕೆ ಉತ್ಸಾಹದಲ್ಲಿದ್ದರು. ಗಾಯ್ ಇವತ್ತು ಕಾಲು ಊರಿದಳು, ಚಿಂತೆ ಮಾಡಬೇಡ ಎಂದರು. ನನಗೆ ಸಿಟ್ಟು ಬಂತು. ಅವ್ವ ಹಾಸಿಗೆಯಿಂದ ಕಾಲು ಕೆಳಗಿಟ್ಟಿಲ್ಲ, ಈ ಮುದುಕಿ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ.

ಮುಂದಿನ ವಾರ ಸರ್ಜನ್ ಪಟ್ಟಿ ಬಿಚ್ಚಿದರು. ದೀಪ ಹತ್ತಿರಕ್ಕೆ ಎಳೆದುಕೊಂಡು, ಅಲ್ಲಲ್ಲಿ ಒತ್ತಿ, ಬಹಳ ಹೊತ್ತು ನೋಡಿದರು. ಕಪ್ಪು ಹಿಂದೆ ಸರಿದಿತ್ತು. ಗಾಯದ ತಳದಲ್ಲಿ ಕೆಂಪು ಮಾಂಸ ಚಿಗುರಿತ್ತು.

"ಡ್ರೆಸ್ಸಿಂಗ್ ಯಾರು ಮಾಡ್ತಾರೆ?" ಎಂದು ಮರಾಠಿಯಲ್ಲಿ ಕೇಳಿದರು.

"ನಾನೇ."

"ಚೆನ್ನಾಗಿ ಮಾಡಿದ್ದೀರಿ. ಹೀಗೇ ಮಾಡ್ತಾ ಇರಿ, ಕತ್ತರಿಸೋದು ಬೇಡ."

ಗಾಯ ಪೂರ್ತಿ ಮಾಯಲು ಮತ್ತೂ ಬಹಳ ವಾರ ಹಿಡಿಯಿತು. ಕೊನೆಯ ಪಟ್ಟಿ ಬಿಚ್ಚಿದ ಭಾನುವಾರ ಅವ್ವ ತಾನೇ ಕೂತು ಹೋಳಿಗೆ ಮಾಡಿದಳು. ಒಂದು ತಾಟಿನಲ್ಲಿ ಹಾಕಿಕೊಂಡು ಆಜಿಯ ಮನೆಗೆ ಹೋದೆ. ಮನಸ್ಸು ಹಗುರಾಗಿತ್ತು, ಈಗಾದರೂ ಆ ಹಸುವಿನ ತಮಾಷೆ ಬಿಡಿಸಿ ಹೇಳೋಣ ಎನಿಸಿತು. ಆಜಿ, ನಮ್ಮ ಕನ್ನಡದಲ್ಲಿ ಗಾಯ ಅಂದರೆ ಜಖಮ್, ಅವ್ವ ಅಷ್ಟು ದಿನ ಹೇಳಿದ್ದು ತನ್ನ ಕಾಲಿನ ಮಾತು, ನಮ್ಮ ಹತ್ತಿರ ಹಸುವೂ ಇಲ್ಲ ಎಮ್ಮೆಯೂ ಇಲ್ಲ ಎಂದೆ.

ಆಜಿ ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು. ತಾಟನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಮಗ್ ಮೀ ರೋಜ್ ಭಾಕರೀ ಕುಣಾಲಾ ಘಾತಲೀ?"

ಹಾಗಾದರೆ ನಾನು ದಿನಾ ಭಾಕರಿ ಹಾಕಿದ್ದು ಯಾರಿಗೆ?

ನಾನು ಚೇಷ್ಟೆ ಎಂದುಕೊಂಡೆ. ಆದರೆ ಅವರ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಅವ್ವ ಮೊದಲು ಹೇಳಿದ ಮಾರನೆಯ ಮಧ್ಯಾಹ್ನವೇ ಹಸು ಅಂಗಳದಲ್ಲಿತ್ತಂತೆ. ಬೂದಿ ಬಣ್ಣದ್ದು, ಮೋಟು ಕೋಡಿನದು, ಮುಂದಿನ ಎಡಗಾಲು ಎತ್ತಿಕೊಂಡೇ ನಿಲ್ಲುತ್ತಿತ್ತು. ಒಡತಿಗೂ ಹಸುವಿಗೂ ಒಂದೇ ಕಾಲಿಗೆ ನೋವು ನೋಡು ಎಂದು ಆಜಿ ಮರುಗಿದ್ದರು. ದೇವಸ್ಥಾನದ ಮುಂದೆ ಹಸು ಹಿಡಿದುಕೊಂಡು ಕೂರುವ ಹೆಂಗಸರಿರುತ್ತಾರಲ್ಲ, ಅಂಥವರ ಹತ್ತಿರ ನಾವು ನೋಡಿಕೊಳ್ಳಲು ಬಿಟ್ಟಿರಬೇಕು, ಮಧ್ಯಾಹ್ನ ಒಡತಿಯನ್ನು ನೋಡಲು ಕಳಿಸುತ್ತಾರೆ ಎಂದುಕೊಂಡಿದ್ದರಂತೆ. ದಿನಾ ನಮ್ಮ ಬಾಗಿಲಿಗೆ ಹೋಗಿ, ಕತ್ತು ಒಳಗೆ ಅವ್ವನ ಹಾಸಿಗೆಯತ್ತ ಚಾಚಿ ಬಹಳ ಹೊತ್ತು ನಿಲ್ಲುತ್ತಿತ್ತಂತೆ. ಒಂದು ದಿನವೂ ಅಂಗಳ ಹೊಲಸು ಮಾಡಲಿಲ್ಲ, ಶಾಣ್ಯಾ ಹಸು ಎಂದರು. ಈಗ ಬರುತ್ತಿದೆಯೇ ಎಂದು ಕೇಳಿದೆ. ಇಲ್ಲ, ಕುಂಟದೆ ನಡೆದುಕೊಂಡು ಹೋದದ್ದೇ ಕೊನೆ ಎಂದರು.

ಆಜಿಗೆ ವಯಸ್ಸಾಗಿತ್ತು ನಿಜ. ಆದರೆ ನಮ್ಮ ಒಲೆಯ ಮೇಲಿನ ಹಾಲು ಉಕ್ಕುವುದು ನನಗಿಂತ ಮೊದಲು ಅವರಿಗೆ ಕಾಣಿಸುತ್ತಿತ್ತು. ನಾನು ತಿರುಗಿ ದಿಂಡಿ ಬಾಗಿಲು ನೋಡಿದೆ. ಅದರಲ್ಲಿ ಹಸು ಹೋಗಲಿ, ದೊಡ್ಡ ಕರುವೂ ನುಗ್ಗಲಾರದು. ಆ ಲೆಕ್ಕ ಆಜಿಗೂ ಅಷ್ಟು ದಿನ ಹೊಳೆದಿರಲಿಲ್ಲ. ಆಗ ಒದ್ದೆ ಪಟ್ಟಿ ನೆನಪಾಯಿತು. ಆಜಿಯ ಹೊಸ್ತಿಲ ಮೇಲೇ ಕೂತುಬಿಟ್ಟೆ.

ಅವ್ವನಿಗೆ ಹಸುವಿನ ಮಾತು ಎತ್ತದೆ, ಆ ಮಧ್ಯಾಹ್ನಗಳಲ್ಲಿ ಏನಾದರೂ ಗೊತ್ತಾಗುತ್ತಿತ್ತೇ ಎಂದಷ್ಟೇ ಕೇಳಿದೆ. ಅವಳು ಹೋಳಿಗೆಯ ಹಂಚು ತಿಕ್ಕುತ್ತಿದ್ದಳು.

"ಗೊತ್ತಾಗ್ದ ಏನು? ಆ ಕಾಲಿಗೆ ಏನೂ ತಿಳೀತಿದ್ದಿಲ್ಲ, ಅದೊಂದ ತಿಳೀತಿತ್ತು. ಬೆಚ್ಚಗ, ಒರಟ ಅರಿವಿಲೆ ಒರಸಿದಂಗ. ನೀ ಆಫೀಸಿನಿಂದ ನಡುವ ಬಂದು ಕಾಲ ಒರಸಿ ಹೋಗ್ತಿ ಅಂತ ತಿಳದಿದ್ದೆ."

"ಮತ್ತ ಕಣ್ಣ ತಗದು ನೋಡಬಾರ್ದಾಗಿತ್ತೇನಬೇ?"

"ಅಷ್ಟ ದೂರಿಂದ ದಣದು ಬಂದಿರ್ತಿ. ಎಚ್ಚರಾದ್ರ ಮತ್ತ ಮಾತಾಡ್ಕೋತ ನಿಂದ್ರಬೇಕು. ಅದಕ್ಕ ಮಲಗಿದಂಗ ಮಾಡ್ತಿದ್ದೆ. ಸಂಜಿಮುಂದ ನೀನ ಬೈತಿದ್ದಿ, ಇಕಿಗೇನ ಮರವು ಹತ್ತೇದೇನಪಾ ಅಂತ ಸುಮ್ಮನಾಗ್ತಿದ್ದೆ."

ನಾನು ಒಂದು ಮಧ್ಯಾಹ್ನವೂ ಮನೆಗೆ ಬಂದಿರಲಿಲ್ಲ. ಹಾಗೆಂದು ಅವಳಿಗೆ ಹೇಳಲಿಲ್ಲ.

ಪ್ರಾಣಿ ನೆಕ್ಕಿದರೆ ಗಾಯ ಮಾಯುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಯಾರೂ ಮಾಡಲು ಹೋಗಬೇಡಿ. ಔಷಧಿ, ಸಲೈನು, ಸಕ್ಕರೆಯ ಇಂಜೆಕ್ಷನ್ನು ಇವುಗಳಿಂದಲೇ ಕಾಲು ಉಳಿಯಿತೆಂದು ಯಾರಾದರೂ ಹೇಳಿದರೆ ಹೌದೆನ್ನುತ್ತೇನೆ. ಆಜಿಗೆ ಭ್ರಮೆ, ಅವ್ವನಿಗೆ ಕನಸು ಎಂದರೂ ಹೌದೆನ್ನುತ್ತೇನೆ. ಒದ್ದೆ ಪಟ್ಟಿಗೆ ಮಾತ್ರ ನನ್ನ ಹತ್ತಿರ ಹೆಸರಿಲ್ಲ. ಅದನ್ನು ಬಿಚ್ಚಿದ್ದು ಈ ಕೈಗಳೇ.

ವಾಡೆಯನ್ನು ಕೆಡವಿದರು. ನಾವು ಕೋಥರೂಡಿನ ಒಂದು ಫ್ಲ್ಯಾಟಿಗೆ ಬಂದೆವು. ಅವ್ವ ಬದುಕಿರುವವರೆಗೂ ತನ್ನ ಎರಡು ಕಾಲ ಮೇಲೆ ನಡೆದಾಡಿಕೊಂಡಿದ್ದಳು, ಯಾರಿಗೂ ಭಾರವಾಗಲಿಲ್ಲ. ಆಜಿಯೂ ಈಗಿಲ್ಲ. ಕೇಳಬೇಕೆಂದರೆ ಕೇಳಲು ಯಾರೂ ಉಳಿದಿಲ್ಲ. ಡ್ರೆಸ್ಸಿಂಗ್ ಯಾರು ಮಾಡ್ತಾರೆ ಎಂದು ಸರ್ಜನ್ ಕೇಳಿದಾಗ ನಾನೇ ಎಂದಿದ್ದೆನಲ್ಲ, ಆ ಉತ್ತರ ಸರಿಯಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.